ಕಂಪ್ಯೂಟರ್ ಕೋಣೆಯ ಮಡಿ

ನಾನು ಮೇಷ್ಟ್ರಾಗಿದ್ದ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಕಂಪ್ಯೂಟರಿಗೆಂದೇ ಒಂದು ಕೋಣೆಯಿತ್ತು. ಬೀಗದ ಕೈ ಹೆಡ್‌ಮೇಷ್ಟ್ರ ಜೇಬಿನಲ್ಲಿ. ಸಾಹೇಬರು ಬಂದ ದಿನ ಮಾತ್ರ ಬಾಗಿಲು ತೆಗೀತಿದ್ರು. ಮಕ್ಕಳು ಚಪ್ಪಲಿ ಹೊರಗೆ ಬಿಟ್ಟು, ಕೈ ಕಟ್ಟಿ, ಬಟ್ಟೆ ಹೊದಿಸಿದ ಮೆಷಿನ್ನುಗಳ ದರ್ಶನ ಮಾಡಬೇಕು. 'ಮುಟ್ಟಬೇಡ್ರೋ!' ನಮ್ಮ ಕೇರಿಯ ಮಕ್ಕಳಿಗೆ ಈ ಮಾತು ಹೊಸದೇನಲ್ಲ. ಕೋಣೆ ಗುಡಿಸೋಕೆ ಮಾತ್ರ ಅವರನ್ನೇ ಕರೀತಿದ್ರು.

ಪೇಟೆಯ ಕಥೆಯೇ ಬೇರೆ. 2020ರಲ್ಲಿ ಕೊರೋನಾ ಬಂದು ಶಾಲೆಗಳೆಲ್ಲ ಮುಚ್ಚಿದಾಗ, ಆರು ವರ್ಷದ ಕೂಸಿಗೂ ಕೋಡಿಂಗ್ ಕಲಿಸ್ತೀವಿ ಅಂತ ಕಂಪನಿಗಳು ಕೂಗಿದವು. ಅಂಥದೊಂದು ಕಂಪನಿ ವೈಟ್‌ಹ್ಯಾಟ್ ಜೂನಿಯರ್. ಬೆಂಗಳೂರಿನ ಬೈಜೂಸ್ ಅದನ್ನು 30 ಕೋಟಿ ಡಾಲರಿಗೆ ಕೊಂಡಿತು. ಅದರ ಜಾಹೀರಾತಿನಲ್ಲಿ ಕೋಟಿ ಕೋಟಿ ಸಂಬಳ ಎಣಿಸಿದ ವುಲ್ಫ್ ಗುಪ್ತಾ ಎಂಬ ಹುಡುಗ ಹುಟ್ಟೇ ಇರಲಿಲ್ಲ! 2024ರಲ್ಲಿ ಬೈಜೂಸೇ ದಿವಾಳಿ ಪ್ರಕ್ರಿಯೆಗೆ ಸಿಕ್ಕಿತು. ಇತ್ತ ದೆಹಲಿಯವರು 2020ರ ಶಿಕ್ಷಣ ನೀತಿಯಲ್ಲಿ ಆರನೇ ತರಗತಿಯಿಂದ ಕೋಡಿಂಗ್ ಎಂದು ಬರೆದರು. ಅವರದೇ ಲೆಕ್ಕದ ಪ್ರಕಾರ 2021-22ರಲ್ಲಿ ಇಂಟರ್‌ನೆಟ್ ಇದ್ದದ್ದು ದೇಶದ ನೂರಕ್ಕೆ 34 ಶಾಲೆಗಳಲ್ಲಿ. ಉಳಿದವರ ಕೋಡಿಂಗ್ ಕಾಗದದ ಮೇಲೆ.

ನಮ್ಮ ಕೆಲವು ಗೆಳೆಯರ ಮೇಲೂ ನನಗೆ ಸಿಟ್ಟಿದೆ. 'ಮೊದಲು ಅನ್ನ, ಕಕ್ಕಸು, ಮೇಷ್ಟ್ರು. ಕಂಪ್ಯೂಟರ್ ಆಮೇಲೆ' ಅಂತಾರೆ. ಈ 'ಆಮೇಲೆ' ಯಾರ ಮಾತು? 1848ರಲ್ಲಿ ಪುಣೆಯಲ್ಲಿ ಶಾಲೆ ತೆಗೆದ ಫುಲೆ ದಂಪತಿಗಳು ಊರಿನ ಹೊಟ್ಟೆಯೆಲ್ಲ ತುಂಬಲಿ ಅಂತ ಕಾದರೇ?

ಸೀಮೊರ್ ಪೇಪರ್ಟ್ ಮತ್ತು ಅವನ ಜೊತೆಗಾರರು 1967ರಲ್ಲಿ ಮಕ್ಕಳಿಗಾಗಿ ಲೋಗೋ ಎಂಬ ಕಂಪ್ಯೂಟರ್ ಭಾಷೆ ಮಾಡಿದರು. ಮಗು ಮೆಷಿನ್ನಿಗೆ ಅಪ್ಪಣೆ ಕೊಡಬೇಕೋ, ಮೆಷಿನ್ನು ಮಗುವಿಗೋ ಎಂಬುದೇ ಅವನ ತಕರಾರು. ಇವತ್ತು ಪೇಟೆ ಬೀದಿಯಲ್ಲಿ ಊಟದ ಪೊಟ್ಟಣ ಹೊತ್ತು ಬೈಕ್ ಓಡಿಸೋ ನಮ್ಮ ಹುಡುಗನನ್ನು ನೋಡಿ. ಯಾವ ಓಣಿ, ಎಷ್ಟು ನಿಮಿಷ, ಎಷ್ಟು ಕಾಸು, ಎಲ್ಲ ಫೋನೇ ಹೇಳುತ್ತೆ. ಆ ಫೋನಿಗೆ ಹೇಳಿಕೊಟ್ಟವನು ಯಾವ ಕೇರಿಯವನು?

ಮೆಷಿನ್ನೇ ಇಲ್ಲ, ಏನ್ ಕಲಿಸೋದು ಅಂತೀರಾ? ನ್ಯೂಜಿಲೆಂಡಿನ ಟಿಮ್ ಬೆಲ್ ಮತ್ತು ಜೊತೆಗಾರರು ಮೆಷಿನ್ನಿಲ್ಲದೆ ಕಲಿಸುವ ಆಟಗಳನ್ನು ಕಟ್ಟಿದ್ದಾರೆ. ಹಳೇ ಲಗ್ನಪತ್ರಿಕೆಗಳ ಹಿಂದೆ 16, 8, 4, 2, 1 ಚುಕ್ಕಿ ಇಟ್ಟು ಐದು ಮಕ್ಕಳ ಕೈಗೆ ಕೊಟ್ಟು ಸಾಲಾಗಿ ನಿಲ್ಲಿಸಿದೆ. ಚುಕ್ಕಿ ತೋರಿಸಿದರೆ ಒಂದು, ಮುಚ್ಚಿದರೆ ಸೊನ್ನೆ. '13 ಮಾಡಿ' ಅಂದೆ. ಕಿತ್ತಾಡಿಕೊಂಡು 8, 4, 1 ತೋರಿಸಿ ಉಳಿದೆರಡು ಮುಚ್ಚಿದರು. ಐವರೂ ತೋರಿಸಿದಾಗ 31. 'ನಾನೂ ಬಂದ್ರೆ ಎಷ್ಟು ಸಾ?' ಅಂದಳು ಮೂಲೆಯಲ್ಲಿದ್ದ ನಾಲ್ಕನೇ ತರಗತಿ ಹುಡುಗಿ. ನೀನೇ ಹೇಳವ್ವಾ ಅಂದೆ. ಬೆರಳು ಮಡಚಿ, ನೆಲದ ಮೇಲೆ ಗೀಚಿ, 32 ಚುಕ್ಕಿಯ ಹೊಸ ಚೀಟಿ ಬೇಕು, ಆಗ 63ರವರೆಗೂ ಹೋಗಬಹುದು ಅಂದಳು. ಕಂಪ್ಯೂಟರಿನ ಹೊಟ್ಟೆಯೊಳಗಿನ ಲೆಕ್ಕ ಇದೇ. ಕನ್ನಡದಲ್ಲೇ ತಿಳೀತು, ಕರೆಂಟೂ ಬೇಕಾಗಲಿಲ್ಲ.

ಇಂಥದ್ದನ್ನು ದಿನಾ ಮಾಡಿಸೋಣ ಅಂದರೆ ಮೇಷ್ಟ್ರಿಗೆ ಬಿಡುವೆಲ್ಲಿ? ಹಾಜರಿ, ಬಿಸಿಯೂಟ, ಮಕ್ಕಳ ಜಾತಿ, ಎಲ್ಲವನ್ನೂ ಸರ್ಕಾರದ ಕಂಪ್ಯೂಟರಿಗೆ ತುಂಬುತ್ತಾ ಕೂರಬೇಕು, ಅದೂ ಸ್ವಂತ ಫೋನಿನಲ್ಲಿ.

ಆಟ ಮುಗಿದ ದಿನವೇ ಹೋಗಿ ಆ ಹುಡುಗಿಗೆ ಕೋಣೆಯ ಬೀಗದ ಕೈ ಕೊಡಿ ಅಂತ ಕೇಳಿದೆ. 'ಕೆಟ್ಟೋದ್ರೆ ಯಾರ್ರೀ ಹೊಣೆ?' ಅಂದರು ಹೆಡ್‌ಮೇಷ್ಟ್ರು. ಯಾರೂ ಮುಟ್ಟದೆಯೇ ಆರರಲ್ಲಿ ನಾಲ್ಕು ಆಗಲೇ ಕೆಟ್ಟು ಕೂತಿದ್ದವು.