ಅವಸರದ ಕಚೇರಿಯಲ್ಲಿ ಹುಟ್ಟಿದ ಜಾಂಗೋ

ಅಮೆರಿಕದ ಕಾನ್ಸಸ್ ರಾಜ್ಯದಲ್ಲಿ ಲಾರೆನ್ಸ್ ಎಂಬ ಊರಿದೆ. 2003ರಲ್ಲಿ ಅಲ್ಲಿನ ‘ಲಾರೆನ್ಸ್ ಜರ್ನಲ್-ವರ್ಲ್ಡ್’ ದಿನಪತ್ರಿಕೆಯ ವೆಬ್‌ಸೈಟುಗಳನ್ನು ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲಿಸನ್ ರೂಪಿಸುತ್ತಿದ್ದರು. ಪತ್ರಿಕಾ ಕಚೇರಿಯೆಂದ ಮೇಲೆ ಅವಸರ ಕೇಳಬೇಕೆ? ಹೊಸ ಪುಟಗಳು ಕೆಲವೇ ದಿನಗಳಲ್ಲಿ, ಕೆಲವೊಮ್ಮೆ ಗಂಟೆಗಳಲ್ಲೇ ಸಿದ್ಧವಾಗಬೇಕಿತ್ತು.

ಯಾವ ವೆಬ್‌ಸೈಟನ್ನು ಕಟ್ಟಿದರೂ ಅರ್ಧ ಕೆಲಸ ಒಂದೇ ಬಗೆಯದು. ಮಾಹಿತಿಯನ್ನು ಕೂಡಿಡುವುದು, ಬೇಕೆಂದಾಗ ಹೊರತೆಗೆಯುವುದು, ಒಳಬಂದವರ ಗುರುತು ಪರೀಕ್ಷಿಸುವುದು. ಪ್ರತಿ ಟೈಟ್ರೇಷನ್ನಿಗೂ ಬ್ಯುರೆಟ್ಟಿನ ಸ್ಟ್ಯಾಂಡನ್ನು ಹೊಸದಾಗಿ ಬೆಸುಗೆ ಹಾಕಿಸುವವರುಂಟೆ? ಇಂಥ ಕೆಲಸಗಳನ್ನೆಲ್ಲ ಪೈಥಾನ್ ಭಾಷೆಯಲ್ಲಿ ಒಮ್ಮೆ ಬರೆದಿಟ್ಟುಕೊಂಡದ್ದೇ ಫ್ರೇಮ್‌ವರ್ಕ್, ಅಂದರೆ ಚೌಕಟ್ಟು. 2005ರ ಜುಲೈನಲ್ಲಿ ಅದನ್ನು ಎಲ್ಲರಿಗೂ ಉಚಿತವಾಗಿ ಬಿಡುಗಡೆ ಮಾಡಲಾಯಿತು. ಹೆಸರು ಗಿಟಾರ್ ವಾದಕ ಜಾಂಗೋ ರೈನ್‌ಹಾರ್ಟ್ ಅವರದು.

ಇದರ ನಿಜವಾದ ಸೊಗಸಿರುವುದು ‘ಅಡ್ಮಿನ್’ ಎಂಬ ಭಾಗದಲ್ಲಿ. ಸುದ್ದಿಗೊಂದು ಶೀರ್ಷಿಕೆ, ದಿನಾಂಕ, ವರದಿಗಾರರ ಹೆಸರು, ಒಡಲು ಇರುತ್ತವೆ ಎಂದು ಕೆಲವು ಸಾಲುಗಳಲ್ಲಿ ವಿವರಿಸಿದರೆ ಸಾಕು. ಆ ವಿವರಣೆಯಿಂದಲೇ ಜಾಂಗೋ ಮಾಹಿತಿಯ ಕೋಷ್ಟಕಗಳನ್ನು ಕಟ್ಟುತ್ತದೆ. ಸುದ್ದಿ ತುಂಬುವ, ತಿದ್ದುವ, ಅಳಿಸುವ ಪುಟಗಳನ್ನೂ ಒದಗಿಸುತ್ತದೆ. ಪ್ರೋಗ್ರಾಮಿಂಗ್ ಅರಿಯದ ಉಪಸಂಪಾದಕರೂ ಅಂದೇ ಕೆಲಸ ಆರಂಭಿಸಬಹುದು.

ಈ ಚೌಕಟ್ಟಿಗೆ ಜೋಡಿಸಿಕೊಳ್ಳುವ ವಿಸ್ತರಣೆಗಳೂ ಉಂಟು. ಬ್ರಿಟನ್ನಿನ ಟಾರ್ಚ್‌ಬಾಕ್ಸ್ ಸಂಸ್ಥೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ಗಾಗಿ ರೂಪಿಸಿ 2014ರಲ್ಲಿ ಬಿಡುಗಡೆ ಮಾಡಿದ ‘ವ್ಯಾಗ್‌ಟೇಲ್’ ಅವುಗಳಲ್ಲೊಂದು. (ನಮ್ಮ ಕೆರೆ ದಂಡೆಗಳಲ್ಲಿ ಬಾಲ ಕುಣಿಸುತ್ತ ಓಡಾಡುವ ಹಕ್ಕಿಯ ಇಂಗ್ಲಿಷ್ ಹೆಸರೂ ಅದೇ.) ಪಠ್ಯ, ಚಿತ್ರಗಳನ್ನು ತುಂಡುತುಂಡಾಗಿ ಸೇರಿಸಿ, ಮೇಲೆ ಕೆಳಗೆ ಸರಿಸಿ ಪುಟ ಕಟ್ಟಲು ಇದು ಅನುಕೂಲ.

ಎಡವುವುದು ಕಟ್ಟುವಾಗಲ್ಲ, ಕಟ್ಟಿದ್ದನ್ನು ಜಾಲಕ್ಕೇರಿಸುವಾಗ. ಜಾಂಗೋದಲ್ಲಿ ಹೊಸ ಕೆಲಸ ಆರಂಭಿಸಿದಾಗ ‘ಡೀಬಗ್’ ಎಂಬ ಸೂಚನೆ ‘ಟ್ರೂ’ ಎಂದೇ ಇರುತ್ತದೆ. ದೋಷ ಕಂಡುಬಂದರೆ ಯಾವ ಕಡತ, ಎಷ್ಟನೆಯ ಸಾಲು, ಅಲ್ಲಿನ ಬೆಲೆಗಳೇನು ಎಂಬುದೆಲ್ಲ ತೆರೆಯ ಮೇಲೆ ಮೂಡುತ್ತದೆ. ಕಟ್ಟುವವರಿಗೆ ಇದು ಎಕ್ಸ್-ರೇ. ಕನ್ನ ಹಾಕುವವರಿಗೆ ಮನೆಯ ನಕ್ಷೆ. ಗುಪ್ತಪದವೆಂದು ಹೆಸರಿನಿಂದಲೇ ತೋರುವುದನ್ನು ಜಾಂಗೋ ಮರೆಮಾಡುವುದೇನೋ ಹೌದು, ಆದರೆ ಉಳಿದದ್ದೇ ಬೇಕಾದಷ್ಟಿರುತ್ತದೆ. ಜಾಲಕ್ಕೇರಿಸುವ ಮೊದಲು ಆ ಪದವನ್ನು ‘ಫಾಲ್ಸ್’ ಎಂದು ಬದಲಿಸಲೇಬೇಕು.

ಬದಲಿಸಿದೊಡನೆ ಇನ್ನೊಂದು ತಮಾಷೆ ನಡೆಯುತ್ತದೆ. ಪುಟದ ಬಣ್ಣ, ವಿನ್ಯಾಸಗಳೆಲ್ಲ ಮಾಯ! ಹೊಸಬರು ಗಾಬರಿಯಾಗಿ ಮತ್ತೆ ‘ಟ್ರೂ’ ಮಾಡಿ ನಿಟ್ಟುಸಿರು ಬಿಡುತ್ತಾರೆ, ಬಾಗಿಲು ತೆರೆದೇ ಉಳಿಯುತ್ತದೆ. ವಾಸ್ತವವಾಗಿ ಏನೂ ಕೆಟ್ಟಿರುವುದಿಲ್ಲ. ‘ಫಾಲ್ಸ್’ ಆದಾಗ ವಿನ್ಯಾಸದ ಕಡತಗಳನ್ನು ಹಂಚುವ ಕೆಲಸವನ್ನು ಜಾಂಗೋ ಕೈಬಿಡುತ್ತದೆ, ಅಷ್ಟೇ. ‘ಕಲೆಕ್ಟ್‌ಸ್ಟ್ಯಾಟಿಕ್’ ಎಂಬ ಆಜ್ಞೆಯಿಂದ ಅವನ್ನೆಲ್ಲ ಒಂದೆಡೆ ಸೇರಿಸಿ, ಹಂಚುವ ಹೊಣೆಯನ್ನು ವೆಬ್ ಸರ್ವರಿಗೋ ‘ವೈಟ್‌ನಾಯ್ಸ್’ ಎಂಬ ವಿಸ್ತರಣೆಗೋ ಒಪ್ಪಿಸಿದರೆ ಬಣ್ಣ ಮರಳುತ್ತದೆ.