ಘರ್ಷಣೆಯ ಪಾಠಕ್ಕೆ ಒಂದು ಹಳೆಯ ಸೈಕಲ್ ಚಕ್ರ

ಎಂಟನೇ ತರಗತಿಯ ‘ಘರ್ಷಣೆ’ ಪಾಠಕ್ಕೆ ಪ್ರಶಿಕ್ಷಣಾರ್ಥಿಗಳಾದ ನಾವು ಬಹುಮಟ್ಟಿಗೆ ಒಂದೇ ಬೋಧನೋಪಕರಣ ತಯಾರಿಸುತ್ತೇವೆ. ಅದು ಬಾಲ್ ಬೇರಿಂಗಿನ ಬಣ್ಣದ ಚಾರ್ಟ್. ಅದನ್ನು ತೋರಿಸಿ, ಉರುಳು ಘರ್ಷಣೆ ಜಾರು ಘರ್ಷಣೆಗಿಂತ ಕಡಿಮೆ ಎಂದು ಮಕ್ಕಳಿಂದ ಹೇಳಿಸಿ, ಕಪ್ಪುಹಲಗೆಯ ಮೇಲೆ ಬರೆದರೆ ಬೋಧನಾಂಶ ಮುಗಿಯಿತು. ಅದೇ ಹೊತ್ತಿಗೆ ಶಾಲೆಯ ಆವರಣದಲ್ಲಿ ಮಕ್ಕಳ ಸೈಕಲ್‌ಗಳು ಸಾಲಾಗಿ ನಿಂತಿರುತ್ತವೆ. ಪ್ರತಿ ಚಕ್ರದೊಳಗೂ ಬೇರಿಂಗ್ ಇದೆ. ಚಾರ್ಟಿನ ಬದಲು ಚಕ್ರವನ್ನೇ ತರಗತಿಗೆ ತರಬೇಕು, ಮಕ್ಕಳೇ ಅದರ ಆಕ್ಸಲ್ ಬಿಚ್ಚಿ ಮತ್ತೆ ಕೂಡಿಸಬೇಕು ಎಂಬುದು ನನ್ನ ಅಭಿಪ್ರಾಯ.

ಹಳೆಯ ಮಾದರಿಯ ಸೈಕಲ್‌ನ ಹಬ್ ಬಹಳ ಸರಳ. ಆಕ್ಸಲ್‌ನ ಎರಡೂ ಬದಿಗೆ ಥ್ರೆಡ್ ಮೇಲೆ ಕೂರುವ ಕೋನ್, ಅದರ ಹೊರಗೆ ವಾಷರ್ ಮತ್ತು ಲಾಕ್‌ನಟ್. ಕೋನ್‌ಗೂ ಹಬ್‌ನ ಬಟ್ಟಲಿಗೂ ನಡುವೆ ಗ್ರೀಸ್‌ನಲ್ಲಿ ಕೂತ ಉಕ್ಕಿನ ಗುಂಡುಗಳು. ಸಾಮಾನ್ಯವಾಗಿ ಮುಂದಿನ ಚಕ್ರದಲ್ಲಿ ಒಂದು ಬದಿಗೆ 3/16 ಇಂಚಿನ 10 ಗುಂಡು, ಹಿಂದಿನದರಲ್ಲಿ 1/4 ಇಂಚಿನ 9 ಗುಂಡು. ಹಿಂದಿನವು ಏಕೆ ದಪ್ಪ ಎಂದು ಕೇಳಿದರೆ ಸಾಕು, ಸವಾರನ ಭಾರ ಯಾವ ಚಕ್ರದ ಮೇಲೆ ಹೆಚ್ಚು ಬೀಳುತ್ತದೆ ಎಂಬ ಚರ್ಚೆ ತಾನಾಗಿ ಹುಟ್ಟುತ್ತದೆ.

ಬಿಚ್ಚುವುದಕ್ಕಿಂತ ಹೆಚ್ಚಿನ ಕಲಿಕೆ ಇರುವುದು ಸರಿಹೊಂದಿಸುವುದರಲ್ಲಿ. ಬಿಗಿ ಮಾಡಿದಷ್ಟೂ ಒಳ್ಳೆಯದು ಎಂಬುದು ಹೆಚ್ಚಿನ ಮಕ್ಕಳ ಪೂರ್ವಕಲ್ಪನೆ. ಕೋನ್ ಬಿಗಿದು ಆಕ್ಸಲ್‌ಅನ್ನು ಬೆರಳಲ್ಲಿ ತಿರುಗಿಸಿದಾಗ ಅದು ಗರಗರ ಎನ್ನುತ್ತದೆ. ಸಡಿಲ ಬಿಟ್ಟರೆ ಚಕ್ರ ಅಕ್ಕಪಕ್ಕಕ್ಕೆ ಅಲ್ಲಾಡುತ್ತದೆ. ಹಬ್ಬಿನಲ್ಲಿ ಕಣ್ಣಿಗೆ ಕಾಣದಷ್ಟು ಇರುವ ಸಡಿಲ ರಿಮ್ಮಿನ ಹತ್ತಿರ ಎದ್ದು ಕಾಣುತ್ತದೆ. ಸನ್ನೆಯ ಪಾಠಕ್ಕೆ ಇದಕ್ಕಿಂತ ಉತ್ತಮ ಉದಾಹರಣೆ ಬೇಕೇ? ಸರಿಯಾಗಿ ಕೂತಿದೆಯೇ ಎಂದು ನೋಡಲು ಚಕ್ರವನ್ನು ಫೋರ್ಕ್‌ಗೆ ಹಾಕಿ, ವಾಲ್ವ್ ಇರುವ ಕಡೆಯನ್ನು ಪಕ್ಕಕ್ಕೆ ತಂದು ಕೈಬಿಡಬೇಕು. ಆ ಕಡೆ ತುಸು ಭಾರವಾದ್ದರಿಂದ ಚಕ್ರ ಕೆಳಗಿಳಿದು, ಲೋಲಕದಂತೆ ಹಲವು ಬಾರಿ ತೂಗಿ ನಿಲ್ಲುತ್ತದೆ. ಬಿಗಿಯಾಗಿದ್ದರೆ ಬಿಟ್ಟಲ್ಲೇ ನಿಂತುಬಿಡಬಹುದು. ಘರ್ಷಣೆ ಎಷ್ಟಿದೆ ಎಂದು ಮಕ್ಕಳು ತೂಗಾಟಗಳನ್ನು ಎಣಿಸಿಯೇ ಹೋಲಿಸಬಹುದು.

ನನ್ನ ಬೋಧನಾಭ್ಯಾಸದ ತರಗತಿಯಲ್ಲಿ ಒಬ್ಬ ಹುಡುಗಿ ಕೋನ್ ಸರಿಮಾಡಿ ಲಾಕ್‌ನಟ್ ಬಿಗಿದಳು. “ಸರ್, ಕೋನ್ ಮುಟ್ಟೇ ಇಲ್ಲ, ಆದ್ರೂ ಚಕ್ರ ಮತ್ತೆ ಬಿಗಿ ಆಯ್ತಲ್ಲ, ಯಾಕೆ?” ಎಂದು ಕೇಳಿದಳು. ಥ್ರೆಡ್‌ಗಳ ನಡುವೆ ಕೂದಲೆಳೆಯಷ್ಟು ಜಾಗ ಇರುತ್ತದೆ, ಲಾಕ್‌ನಟ್ ಒತ್ತಿದಾಗ ಕೋನ್ ಅಷ್ಟು ಒಳಗೆ ಸರಿಯುತ್ತದೆ ಎಂಬುದನ್ನು ತರಗತಿ ಸೇರಿ ಹುಡುಕಿತು. ಹಾಗಾದರೆ ಮೊದಲೇ ತುಸು ಸಡಿಲ ಬಿಡಬೇಕು ಎಂದು ತೀರ್ಮಾನಿಸಿದವಳೂ ಅವಳೇ. ಯಾವ ಚಾರ್ಟ್ ನೋಡಿದ ಮಗುವೂ ಈ ಪ್ರಶ್ನೆ ಕೇಳಲಾರದು.

ಇದು ಐಟಿಐ ಕೆಲಸ, ವಿಜ್ಞಾನವಲ್ಲ ಎಂಬ ಆಕ್ಷೇಪ ಸಿಬ್ಬಂದಿ ಕೊಠಡಿಯಲ್ಲಿ ಕೇಳಿಬಂತು. ಕೈಕೆಲಸದ ಮೂಲಕ ಕಲಿಕೆ ಎಂಬ ಗಾಂಧೀಜಿಯವರ ವಿಚಾರ 1937ರ ವಾರ್ಧಾ ಸಮ್ಮೇಳನದಲ್ಲೇ ಚರ್ಚೆಯಾಗಿತ್ತು. ಜ್ಞಾನವನ್ನು ಶಾಲೆಯ ಹೊರಗಿನ ಬದುಕಿಗೆ ಜೋಡಿಸಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತು. ಇವೆರಡನ್ನೂ ನಾವು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆಯುತ್ತೇವೆ, ತರಗತಿಗೆ ಮಾತ್ರ ಚಾರ್ಟ್ ಹಿಡಿದು ಹೋಗುತ್ತೇವೆ. ಒಂದು ಅವಧಿ ಸಾಲದು ಎಂಬ ಎರಡನೆಯ ಆಕ್ಷೇಪ ನಿಜ. ಇದಕ್ಕೆ ಎರಡು ಅವಧಿ ಬೇಕು. ಆದರೆ ಘರ್ಷಣೆ, ಸನ್ನೆ, ಆಂದೋಲನ ಮೂರನ್ನೂ ಮುಟ್ಟುವ ಚಟುವಟಿಕೆಗೆ ಅದು ದುಬಾರಿಯಲ್ಲ.

ಮಕ್ಕಳ ಬದುಕಿಗೂ ಇದು ಬೇಕಾದದ್ದು. 2006-07ರಿಂದ ಹಲವು ವರ್ಷ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಟ್ಟಿತು. ಅಕ್ಕನ ಸೈಕಲ್ ತಂಗಿಗೆ ಬಂದು ಓಡುತ್ತಿರುವ ಮನೆಗಳು ನಾನು ಪಾಠ ಮಾಡಿದ ಊರಿನಲ್ಲೇ ಇವೆ. ಸಡಿಲ ಆಕ್ಸಲ್‌ನಲ್ಲಿ ತಿಂಗಳುಗಟ್ಟಲೆ ಓಡಿಸಿದರೆ ಕೋನ್ ಗುಳಿ ಬೀಳುತ್ತದೆ, ಆಮೇಲೆ ಬಟ್ಟಲೂ ಸವೆಯುತ್ತದೆ. ಕೋನ್ ಬದಲಿಸುವ ಖರ್ಚು ಅಲ್ಪ. ಹಬ್ಬೇ ಹಾಳಾದರೆ ಇಡೀ ಚಕ್ರದ ಕಡ್ಡಿ ಬಿಚ್ಚಿ ಮತ್ತೆ ಕಟ್ಟಿಸಬೇಕು. ಸೈಕಲ್ ಮೂಲೆ ಸೇರಿದರೆ ದೂರದ ಮಗುವಿನ ಹಾಜರಾತಿಗೂ ಪೆಟ್ಟು ಬೀಳುತ್ತದೆ.

ಹಾಗಾಗಿ ನನ್ನ ಸಲಹೆಗಳು ಮೂರು. ಒಂದು, ಮಹಾವಿದ್ಯಾಲಯದ ಪ್ರಯೋಗಾಲಯದಲ್ಲಿ ಗುಜರಿಯಿಂದ ತಂದ ನಾಲ್ಕು ಮುಂಚಕ್ರ ಮತ್ತು ಫೋರ್ಕ್, ತೆಳು ಕೋನ್ ಸ್ಪ್ಯಾನರ್‌ಗಳು, ಗ್ರೀಸ್, ಗುಂಡು ಉರುಳಿ ಹೋಗದಂತೆ ಸ್ಟೀಲ್ ತಟ್ಟೆಗಳು ಇರಲಿ. ಮಕ್ಕಳು ಮನೆಗೆ ಹೋಗಬೇಕಾದ ಸೈಕಲ್‌ಅನ್ನು ಅಭ್ಯಾಸಕ್ಕೆ ಬಿಚ್ಚುವುದು ಬೇಡ. ಎರಡು, ಊರಿನ ಸೈಕಲ್ ಶಾಪ್‌ನವರನ್ನು ಸಂಪನ್ಮೂಲ ವ್ಯಕ್ತಿಯಾಗಿ ಕರೆಯೋಣ. ಹಳೆ ಗುಂಡುಗಳ ಜೊತೆ ಹೊಸದನ್ನು ಬೆರೆಸಬಾರದು, ಬೆರೆಸಿದರೆ ಸವೆಯದ ಗುಂಡಿನ ಮೇಲೇ ಭಾರ ಬೀಳುತ್ತದೆ ಎಂಬಂಥ ಅನುಭವದ ಮಾತು ಅವರಿಂದಲೇ ಬರಬೇಕು. ಮೂರು, ಪಾಠ ವೀಕ್ಷಣಾ ನಮೂನೆಯಲ್ಲಿ ‘ಬೋಧನೋಪಕರಣದ ಆಕರ್ಷಕತೆ’ಗೆ ಇರುವ ಅಂಕದ ಅರ್ಧವನ್ನು ‘ಮಕ್ಕಳು ಕೈಯಿಂದ ಏನು ಮಾಡಿದರು, ಏನು ಕೇಳಿದರು’ ಎಂಬುದಕ್ಕೆ ಕೊಡಿ.

ಮೂರನೆಯದು ಗುರುಗಳ ಕೈಯಲ್ಲಿದೆ. ಅಂಕ ಎಲ್ಲಿದೆಯೋ ನಮ್ಮ ತಯಾರಿಯೂ ಅಲ್ಲಿರುತ್ತದೆ. ಮುಂದಿನ ತಂಡ ಬೋಧನಾಭ್ಯಾಸಕ್ಕೆ ಹೊರಡುವ ಮೊದಲೇ ಈ ಬದಲಾವಣೆ ಆಗಲಿ ಎಂದು ಕೋರುತ್ತೇನೆ.