ಹಿಂತೆಗೆದ ಪ್ರಬಂಧಗಳೂ ಹಿಂತಿರುಗದ ಮಾತುಗಳೂ

ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟವನ್ನು ಅಳೆದು ಕೇಂದ್ರ ಸರಕಾರವು ವರ್ಷಂಪ್ರತಿ ಹೊರಡಿಸುವ ರಾಷ್ಟ್ರೀಯ ಶ್ರೇಯಾಂಕ ಪಟ್ಟಿಯಲ್ಲಿ 2025ರಲ್ಲಿ ಹೊಸ ಕ್ರಮವೊಂದು ಜಾರಿಗೆ ಬಂತು. ಅಧ್ಯಾಪಕರು ಪ್ರಕಟಿಸಿದ ಸಂಶೋಧನ ಪ್ರಬಂಧಗಳಿಗೆ ಅದುವರೆಗೆ ಅಂಕ ಕೊಡುತ್ತಿದ್ದ ಪಟ್ಟಿ, ಪ್ರಕಟವಾದ ಮೇಲೆ ಹಿಂತೆಗೆಯಲ್ಪಟ್ಟ ಪ್ರಬಂಧಗಳಿಗಾಗಿ ಅಂಕ ಕಳೆಯಲೂ ತೊಡಗಿತು. ಇದು ವಿದ್ವಾಂಸರ ಮನೆಯೊಳಗಿನ ಲೆಕ್ಕಾಚಾರ, ನಮಗೇನು ಎಂದು ಕೇಳುವವರಿರಬಹುದು. ಆದರೆ ಈ ವಿಷಯ ನಮ್ಮ ಮಕ್ಕಳ ಆರೋಗ್ಯದವರೆಗೂ ಬಂದು ಮುಟ್ಟುತ್ತದೆ.

ವಿದ್ವತ್ ಪತ್ರಿಕೆಯಲ್ಲಿ ಪ್ರಬಂಧವೊಂದು ಅಚ್ಚಾಗುವ ಮೊದಲು, ಆ ವಿಷಯ ಬಲ್ಲ ಇಬ್ಬರೋ ಮೂವರೋ ಅದನ್ನು ಓದಿ ಒಪ್ಪಬೇಕೆಂಬುದು ವಾಡಿಕೆ. ಅವರು ಬರೆಹವನ್ನು ಪರೀಕ್ಷಿಸುತ್ತಾರೆಯೇ ಹೊರತು ಪ್ರಯೋಗವನ್ನು ಮತ್ತೆ ಮಾಡಿ ನೋಡುವುದಿಲ್ಲ. ಆದುದರಿಂದ ತಪ್ಪೂ ಮೋಸವೂ ಒಳನುಸುಳುವುದುಂಟು. ಅದು ಬಯಲಾದಾಗ ಪತ್ರಿಕೆಯು ಪ್ರಬಂಧವನ್ನು ಹಿಂತೆಗೆಯುತ್ತದೆ. ಹರಿದು ಬಿಸಾಡುವುದಿಲ್ಲ, 'ಹಿಂತೆಗೆಯಲಾಗಿದೆ' ಎಂದು ಗುರುತು ಹಾಕಿ, ಕಾರಣ ತಿಳಿಸಿ, ಎಲ್ಲರಿಗೂ ಕಾಣುವಂತೆ ಉಳಿಸುತ್ತದೆ.

ಹಿಂತೆಗೆತವೆಲ್ಲವೂ ಅಪರಾಧದ ಗುರುತಲ್ಲ. 2018ರಲ್ಲಿ ರಸಾಯನ ಶಾಸ್ತ್ರದ ನೊಬೆಲ್ ಪಡೆದ ಅಮೆರಿಕದ ಫ್ರಾನ್ಸಿಸ್ ಆರ್ನಾಲ್ಡ್, 2019ರಲ್ಲಿ ಪ್ರಕಟಿಸಿದ ತಮ್ಮ ಪ್ರಬಂಧವೊಂದರ ಫಲಿತಾಂಶ ಮತ್ತೆ ದೊರೆಯಲಿಲ್ಲವೆಂದು 2020ರ ಜನವರಿಯಲ್ಲಿ ತಾವೇ ಸಾರಿ, ಕ್ಷಮೆ ಕೇಳಿ, ಅದನ್ನು ಹಿಂತೆಗೆದುಕೊಂಡರು. ಇದರಿಂದ ಅವರ ಗೌರವ ಕುಗ್ಗಲಿಲ್ಲ.

ಇದಕ್ಕೆ ತೀರ ವಿರುದ್ಧವಾದುದು ಲಂಡನಿನ 'ಲ್ಯಾನ್ಸೆಟ್' ಪತ್ರಿಕೆಯ ಕಥೆ. ದಡಾರ, ಮಂಗನಬಾವು, ರುಬೆಲ್ಲಾ ರೋಗಗಳ ವಿರುದ್ಧ ಕೊಡುವ ಲಸಿಕೆಗೂ ಆಟಿಸಂಗೂ ನಂಟಿರಬಹುದೆಂದು ಸೂಚಿಸುವ ಪ್ರಬಂಧವನ್ನು ಆ ಪತ್ರಿಕೆ 1998ರಲ್ಲಿ ಪ್ರಕಟಿಸಿತು. ಆಂಡ್ರೂ ವೇಕ್‌ಫೀಲ್ಡ್ ಮತ್ತು ಸಂಗಡಿಗರ ಈ ಬರೆಹಕ್ಕೆ ಆಧಾರವಾಗಿದ್ದುದು ಕೇವಲ 12 ಮಕ್ಕಳು. ಹೆತ್ತವರು ಹೆದರಿದರು. ಇಂಗ್ಲೆಂಡಿನಲ್ಲಿ ನೂರಕ್ಕೆ 90ಕ್ಕೂ ಮೇಲಿದ್ದ ಲಸಿಕೆಯ ಪ್ರಮಾಣ 2003-04ರ ಹೊತ್ತಿಗೆ 80ಕ್ಕೆ ಇಳಿಯಿತು. ಲಸಿಕೆ ಕಂಪೆನಿಗಳ ಮೇಲೆ ದಾವೆ ಹೂಡಲು ಹೊರಟಿದ್ದ ವಕೀಲರ ಕಡೆಯಿಂದ ವೇಕ್‌ಫೀಲ್ಡ್ ಅವರಿಗೆ ಹಣ ಸಂದಿತ್ತೆಂಬುದನ್ನು 2004ರಲ್ಲಿ ಬಯಲಿಗೆಳೆದವರು ಬ್ರಯಾನ್ ಡೀರ್ ಎಂಬ ಪತ್ರಕರ್ತರು. ಅದೇ ವರ್ಷ ಲೇಖಕರಲ್ಲಿ 10 ಮಂದಿ ಆ ತೀರ್ಮಾನದಿಂದ ದೂರ ಸರಿದರು. ಆದರೂ ಪತ್ರಿಕೆ ಪ್ರಬಂಧವನ್ನು ಪೂರ್ಣವಾಗಿ ಹಿಂತೆಗೆದದ್ದು 2010ರ ಫೆಬ್ರವರಿಯಲ್ಲಿ, ಅಂದರೆ 12 ವರ್ಷಗಳ ಬಳಿಕ. ಅಷ್ಟರಲ್ಲಿ ದಡಾರ ಇಂಗ್ಲೆಂಡಿನಲ್ಲಿ ಮತ್ತೆ ಬೇರೂರಿತ್ತು.

ಬೇಗ ಹಿಂತೆಗೆಯುವುದು ಅಸಾಧ್ಯವೇನಲ್ಲ. ಕೋವಿಡ್ ರೋಗಿಗಳಿಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಹಾನಿಕರವೆಂದು 671 ಆಸ್ಪತ್ರೆಗಳ ಲೆಕ್ಕ ತೋರಿಸಿ 2020ರ ಮೇ 22ರಂದು ಇದೇ ಪತ್ರಿಕೆಯಲ್ಲಿ ಬಂದ ಪ್ರಬಂಧವನ್ನು, ಅದರ ಮೂಲ ಅಂಕಿ-ಅಂಶಗಳನ್ನು ಪರಿಶೀಲನೆಗೆ ಒದಗಿಸದೆ ಹೋದಾಗ, ಜೂನ್ 4ರಂದೇ ಹಿಂತೆಗೆಯಲಾಯಿತು. ಆದರೆ ಆ 13 ದಿನಗಳೊಳಗೇ ವಿಶ್ವ ಆರೋಗ್ಯ ಸಂಸ್ಥೆ ಆ ಔಷಧಿಯ ಪ್ರಯೋಗವನ್ನು ನಿಲ್ಲಿಸಿ, ಪುನಃ ಆರಂಭಿಸಬೇಕಾಗಿ ಬಂದಿತ್ತು.

ಈಗಿನ ಪಿಡುಗು ಇನ್ನೊಂದು ಬಗೆಯದು. 2023ರಲ್ಲಿ ಜಗತ್ತಿನಾದ್ಯಂತ 10,000ಕ್ಕೂ ಹೆಚ್ಚು ಪ್ರಬಂಧಗಳು ಹಿಂತೆಗೆಯಲ್ಪಟ್ಟವು. ಅವುಗಳಲ್ಲಿ 8,000ಕ್ಕೂ ಮಿಕ್ಕಿದುವು ಹಿಂದಾವಿ ಎಂಬ ಒಂದೇ ಪ್ರಕಾಶನದವು. ಹಣ ಪಡೆದು ಪ್ರಬಂಧ ತಯಾರಿಸಿಕೊಡುವ ಕಾರ್ಖಾನೆಗಳೇ ಹುಟ್ಟಿಕೊಂಡಿವೆ. ಬೇಡಿಕೆಯಿದ್ದರಲ್ಲವೇ ಸರಕು? ನಮ್ಮ ದೇಶದಲ್ಲಿ ಪಿಎಚ್.ಡಿ. ಮಹಾಪ್ರಬಂಧ ಒಪ್ಪಿಸುವ ಮೊದಲು ಲೇಖನ ಪ್ರಕಟಿಸಲೇಬೇಕೆಂಬ ಕಡ್ಡಾಯವನ್ನು ಯು.ಜಿ.ಸಿ. 2022ರಲ್ಲಿ ಕೈಬಿಟ್ಟಿತು. ಆದರೆ ನೇಮಕಾತಿಗೂ ಬಡ್ತಿಗೂ ಪ್ರಬಂಧಗಳನ್ನು ಎಣಿಸುವ ಅಭ್ಯಾಸ ಉಳಿದಿದೆ. ಎಣಿಸುವವರು ಓದುವುದಿಲ್ಲ, ಓದುವವರು ಎಣಿಸುವುದಿಲ್ಲ.

ಆದುದರಿಂದ ಅಂಕ ಕಳೆಯುವ ಕ್ರಮವನ್ನು ನಾವು ಸ್ವಾಗತಿಸುತ್ತೇವೆ, ಆದರೆ ಒಂದು ಎಚ್ಚರಿಕೆಯೊಂದಿಗೆ. ತಾನಾಗಿ ತಪ್ಪು ಒಪ್ಪಿದವನಿಗೂ ಕದ್ದು ಸಿಕ್ಕಿಬಿದ್ದವನಿಗೂ ಒಂದೇ ದಂಡವಾದರೆ ಒಪ್ಪಿಕೊಳ್ಳುವವರು ಯಾರು? ಸಂಸ್ಥೆಗಳು ತಪ್ಪನ್ನು ಮುಚ್ಚಿಡಲು ನೋಡುತ್ತವೆ; 13 ದಿನಗಳಲ್ಲಿ ಆಗಬೇಕಾದ ಕೆಲಸಕ್ಕೆ ಮತ್ತೆ 12 ವರ್ಷ ಹಿಡಿಯುತ್ತದೆ. ದಂಡ ಬೀಳಬೇಕಾದುದು ಮೋಸಕ್ಕೆ ಮತ್ತು ವಿಳಂಬಕ್ಕೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ ಹಿರಿಯರು. 2017ರ ಅಕ್ಟೋಬರಿನಲ್ಲಿ ಕೇರಳದ ಶಾಲೆಗಳಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ಆರಂಭವಾದಾಗ ಸುಳ್ಳು ಸುದ್ದಿಗಳು ಹಬ್ಬಿ, ಮಲಪ್ಪುರಂ ಮೊದಲಾದೆಡೆ ಹೆತ್ತವರು ಹಿಂಜರಿದರು, ಅವಧಿಯನ್ನೇ ವಿಸ್ತರಿಸಬೇಕಾಯಿತು. ಆ ಸುಳ್ಳುಗಳು ಲಂಡನಿನ ಪ್ರಬಂಧದಿಂದಲೇ ಹುಟ್ಟಿದುವೆಂದು ನಾವು ಹೇಳುವುದಿಲ್ಲ. ಆದರೆ ಲಸಿಕೆಯ ಮೇಲಿನ ನಂಬಿಕೆ ಒಮ್ಮೆ ಸಡಿಲಿದರೆ ಅದನ್ನು ಬಿಗಿಯುವುದು ಎಷ್ಟು ಕಷ್ಟವೆಂಬುದನ್ನು ಕೇರಳವೂ ಕಂಡಿದೆ.

ಇಲ್ಲಿ ಭಾಷೆಯ ಪ್ರಶ್ನೆಯೂ ಇದೆ. 'ಅಧ್ಯಯನವೊಂದು ತಿಳಿಸಿದೆ' ಎಂಬ ಬೆರಗಿನ ಸುದ್ದಿ ಎಲ್ಲ ಭಾಷೆಗಳಿಗೂ ಬೇಗ ಬರುತ್ತದೆ. ಆ ಅಧ್ಯಯನ ಬಿದ್ದುಹೋಯಿತೆಂಬ ಸುದ್ದಿ ಹೆಚ್ಚಾಗಿ ಇಂಗ್ಲಿಷಿನಲ್ಲೇ ಉಳಿಯುತ್ತದೆ. ಸರಕಾರಿ ತಿಳುವಳಿಕೆ ಪತ್ರವೂ ತಮ್ಮ ಭಾಷೆಯಲ್ಲಿ ಬೇಕೆಂದು ಕೇಳಿ ಪಡೆಯಬೇಕಾದ ಗಡಿನಾಡಿನ ಕನ್ನಡ ಕುಟುಂಬಗಳಿಗೆ ಇದರ ನಷ್ಟ ಹೆಚ್ಚು. ಮೊದಲ ಸುದ್ದಿಯನ್ನು ಮುದ್ರಿಸಿದ ಪತ್ರಿಕೆ ಅದರ ತಿದ್ದುಪಡಿಯನ್ನೂ ಅಷ್ಟೇ ಎದ್ದುಕಾಣುವಂತೆ ಮುದ್ರಿಸಲಿ. ಓದುಗರೂ ಇಂಥ ಸುದ್ದಿ ಕಂಡಾಗ ಎರಡು ಪ್ರಶ್ನೆ ಕೇಳಲಿ: ಎಷ್ಟು ಜನರನ್ನು ಪರೀಕ್ಷಿಸಿ ಹೇಳಿದ್ದು? ಹೇಳಿದ್ದು ಇಂದಿಗೂ ನಿಂತಿದೆಯೇ?